ಮೋತಿಯ ಚಪ್ಪರ

ಎರಡು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದ್ದ, ಗುಬ್ಬಿ ಊರಿನಲ್ಲಿರುವ ನನ್ನ ಅಕ್ಕ, ಮರಳೂರಿನ ನಮ್ಮ ಮನೆ ಮುಂದೆ ಆಟೊದಿಂದ ಇಳಿದವಳು ಗೇಟು ದಾಟಲೇ ಇಲ್ಲ. ಅಂಗಳದ ಹಸಿ ಚಪ್ಪರ ನೋಡಿ ಅಲ್ಲೇ ಕಣ್ಣೊರೆಸಿಕೊಂಡಳು.

"ನನ್ ಮೇಲೆ ಕೋಪ ಇದ್ರೆ ಇರ್ಲಿ ಕಣೇ, ಮಗಳ ಮದ್ವೇಗೂ ಕರೀಬಾರ್ದಾ?"

ನಾನು ಕಕ್ಕಾಬಿಕ್ಕಿಯಾದೆ. ನಮ್ಮ ನಾಯಿ ಮೋತಿ ಬಿಸಿಲಿಗೆ ಏದುಸಿರು ಬಿಡುತ್ತಿತ್ತೆಂದು ಯಜಮಾನರು ನಾಲ್ಕು ಬಿದಿರು ನೆಟ್ಟು, ತೆಂಗಿನ ಗರಿ ಹೆಣೆದು ಹೊದಿಸಿದ್ದರು. ಯುಗಾದಿಯ ಮಾವಿನ ಸೊಪ್ಪು ಮಿಕ್ಕಿತ್ತೆಂದು ನಾನು ಅದಕ್ಕೆ ತೋರಣ ಕಟ್ಟಿಬಿಟ್ಟಿದ್ದೆ. ಮನೆ ಮುಂದೆ ಹಸಿ ಚಪ್ಪರ, ತೋರಣ ಎರಡೂ ಕಂಡರೆ ನಮ್ಮ ಕಡೆ ಮದುವೆ ಎಂದೇ ಅರ್ಥ. ಯಾರೋ ನೋಡಿದವರು ಗುಬ್ಬಿಗೆ ಸುದ್ದಿ ಮುಟ್ಟಿಸಿದ್ದರು.

ಅಷ್ಟರಲ್ಲಿ ಮೋತಿ ಚಪ್ಪರದಡಿಯಿಂದ ಮೈಮುರಿಯುತ್ತಾ ಎದ್ದು ಬಂತು.

"ಇವ್ನೇನೇ ಮದುಮಗ?" ಎಂದ ಅಕ್ಕ ಬಾಯಿಗೆ ಸೆರಗಿಟ್ಟು ನಗತೊಡಗಿದಳು. ಕರೆಯದಿದ್ದರೂ ನನ್ನ ಮಗಳಿಗೆಂದು ತಂದಿದ್ದ ರೇಷ್ಮೆ ಸೀರೆಯನ್ನು ಚೀಲದಿಂದ ತೆಗೆದುಕೊಟ್ಟು, ಸಂಜೆಯವರೆಗೂ ಮೋತಿಯ ಪಕ್ಕದಲ್ಲೇ ಕೂತು ಹರಟಿದಳು.

ಈಗ ಗರಿಗಳು ಒಣಗಿ ಉದುರುತ್ತಿವೆ. ತಗಡು ಹಾಕಿಸೋಣ ಎನ್ನುತ್ತಾರೆ ಯಜಮಾನರು. ನಾನು ಬೇಡ ಎಂದಿದ್ದೇನೆ. ಅಕ್ಕ ಮತ್ತೆ ಮಾತು ಬಿಟ್ಟರೆ ಹಸಿ ಗರಿಯೇ ಬೇಕಾಗುತ್ತದೆ.