ಮುಳ್ಳು ಹಾರಿದ ಜಾಗ

ಲಕ್ವ ಹೊಡೆದು ಬಾಯಿ ಎಡಕ್ಕೆ ವಾಲಿದ ಮೇಲೆ ಅಪ್ಪನಿಗೆ ಟ್ರಂಪೆಟ್ ಊದಲಾಗಲಿಲ್ಲ. ಮಾನ್ವಿಯ ನಮ್ಮ ಮನೆಯ ಗೋಡೆಯಲ್ಲಿ ಅದು ತೂಗುತ್ತಿತ್ತು. ಅವನು ಅದಕ್ಕೆ ಬೆನ್ನು ಮಾಡಿ ಮಲಗುತ್ತಿದ್ದ. ಕೇಳುತ್ತಿದ್ದದ್ದು ಒಂದೇ: ಸಾಯುವ ಮೊದಲು ತನ್ನ ಆ ಹಳೆಯ ಗ್ರಾಮಫೋನ್ ರೆಕಾರ್ಡನ್ನು ಇನ್ನೊಮ್ಮೆ ಕೇಳಿಸಬೇಕು.

ಅದು ರಾಯಚೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕದ್ದು ಎಂದು ಅವನು ಹೇಳುತ್ತಿದ್ದ. ದೇವದುರ್ಗದ ಮದುವೆಯೊಂದರಲ್ಲಿ ಯಾರೋ ಕೊಟ್ಟದ್ದು ಎಂದೂ ಹೇಳುತ್ತಿದ್ದ. ಎರಡನ್ನೂ ನಂಬಿ ಬೆಳೆದೆ, ಈಗ ಎರಡನ್ನೂ ನಂಬುವುದಿಲ್ಲ. ಒಡೆದುಹೋದದ್ದು ಮಾತ್ರ ನಿಜ. ಅಷ್ಟರಲ್ಲಿ ಅದರ ಒಂದು ಹಾಡು ಅಪ್ಪನ ಬ್ರಾಸ್ ಬ್ಯಾಂಡಿಗೆ ಬಾಯಿಪಾಠವಾಗಿತ್ತು. ಪೋತ್ನಾಳದಿಂದ ದೇವದುರ್ಗದವರೆಗೆ ಮದುವೆ ಮೆರವಣಿಗೆಗಳು ಅದಕ್ಕೇ ಕುಣಿದವು. ಮೂರನೇ ಸುತ್ತಿನಲ್ಲಿ ಸ್ವರ ಗಕ್ಕನೆ ಮುರಿದು ಮುಂದಕ್ಕೆ ನೆಗೆಯುತ್ತಿತ್ತು. ಅಲ್ಲಿ ಎಲ್ಲರೂ ಒಂದು ಕಾಲೆತ್ತಿ ಹಾರಬೇಕು. ಹಾರದವನು ಹೊರಗಿನವನು.

ಕಳೆದ ಬೇಸಿಗೆಯಲ್ಲಿ ಆ ಹಾಡು ನನ್ನ ಫೋನಿನಲ್ಲಿ ಸಿಕ್ಕಿತು. ನ್ಯೂಯಾರ್ಕಿನ ಲ್ಯಾಟಿನ್ ಬ್ಯಾಂಡ್ ನಾಯಕನೊಬ್ಬನ ಮೊದಮೊದಲ ಧ್ವನಿಮುದ್ರಣಗಳಲ್ಲಿ ಒಂದು. ಆಗ ಅಲ್ಲಿ ಬೂಗಲೂ ಎಂಬ ಕುಣಿತದ ಹುಚ್ಚು ಹಬ್ಬಿತ್ತಂತೆ: ಪಿಯಾನೊ, ಚಪ್ಪಾಳೆ, ಸ್ಟುಡಿಯೋದೊಳಗೇ ಕೇಕೆ. ಬೇಗ ಬಂದು ಬೇಗ ಸತ್ತ ಹುಚ್ಚು. ಅಲ್ಲಿ ಸತ್ತದ್ದು ಇಲ್ಲಿ ಎಷ್ಟೋ ವರ್ಷ ಮದುಮಗನ ಮುಂದೆ ನಡೆಯಿತು.

ಅಪ್ಪ ಕಣ್ಣು ಮುಚ್ಚಿ ಕೇಳಿದ. ಮಂಚದ ಪಟ್ಟಿಯ ಮೇಲೆ ಬಲಗೈ ತಾಳ ಹಾಕುತ್ತಿತ್ತು. ಮೂರನೇ ಸುತ್ತು ಬಂತು. ಬೆರಳು ನೆಗೆಯಿತು, ಹಾಡು ನೆಗೆಯಲಿಲ್ಲ, ನೇರ ಹೋಯಿತು.

“ಇದು ಅದಲ್ಲ. ಯಾವನೋ ಕತ್ತರಿ ಹಾಕ್ಯಾನ.”

“ಇದೇ ಅದ ಯಪ್ಪಾ. ನಮ್ಮ ರೆಕಾರ್ಡಿನಾಗ ಗೀರು ಬಿದ್ದಿತ್ತು. ಅಲ್ಲಿ ಮುಳ್ಳು ಹಾರತಿತ್ತು, ಅಷ್ಟ.”

ಬಾಗಿಲಲ್ಲಿ ಕೂತಿದ್ದ ಬ್ಯಾಂಡಿನ ಡ್ರಮ್ಮಿನವನು, ಅಪ್ಪನ ಗೆಳೆಯ, ಬಿದ್ದುಬಿದ್ದು ನಕ್ಕ. “ಅಂದ್ರ ಇಷ್ಟು ವರ್ಷ ಒಂದು ಗೀರಿಗೆ ಕುಣಿಸೀದೇನಲೇ, ಇಡೀ ತಾಲೂಕು?”

ಅಪ್ಪ ನಗಲಿಲ್ಲ. ಜೊಲ್ಲು ಒರೆಸಲು ಹೋದ ನನ್ನ ಕೈ ತಳ್ಳಿದ. ಬ್ಯಾಂಡಿನವನ ಹೆಣ ಅವನದೇ ಹಾಡಿನೊಂದಿಗೆ ಮಣ್ಣಿಗೆ ಹೋಗುವುದು ನಮ್ಮವರ ಪದ್ಧತಿ. ಅಪ್ಪನ ಹಾಡು ಯಾವುದೆಂದು ಎಲ್ಲರಿಗೂ ಗೊತ್ತಿತ್ತು.

“ಸರಿ ಮಾಡ್ಕೋರಿ,” ಎಂದ. “ನಾ ಹೋಗೋ ದಿನ ತಪ್ಪು ಬಾರಿಸಬ್ಯಾಡ್ರಿ.”

ಮತ್ತೆ ಅವನು ಆ ಹಾಡು ಹಾಕು ಎನ್ನಲಿಲ್ಲ. ಬ್ಯಾಂಡಿನವರು ನನ್ನ ಫೋನಿಟ್ಟುಕೊಂಡು ಮನೆ ಪಕ್ಕದ ಶೆಡ್ಡಿನಲ್ಲಿ ಹಳೆಯದನ್ನು ಮರೆಯಲು ಒದ್ದಾಡಿದರು. ಗೋಡೆಯಾಚೆಯಿಂದ ಕೇಳುತ್ತಿತ್ತು: ಮೊದಮೊದಲು ಮೂರನೇ ಸುತ್ತಿನಲ್ಲಿ ಎಡವುತ್ತಿದ್ದರು, ಆಮೇಲೆ ಎಡವಲಿಲ್ಲ. ಅಪ್ಪನ ಬೆರಳು ಅಲುಗಲಿಲ್ಲ.

ಜೋಳದ ರಾಶಿಯ ಹೊತ್ತಿಗೆ ಸತ್ತ. ಟ್ರಂಪೆಟ್ಟನ್ನು ಅವನ ಪಕ್ಕದಲ್ಲಿಟ್ಟೆವು. ಚಟ್ಟದ ಮುಂದಿನ ಬಿದಿರು ನನ್ನ ಹೆಗಲಿಗೆ ಬಂತು. ಬ್ಯಾಂಡು ಸರಿಯಾಗಿ ಬಾರಿಸಿತು, ಅವನು ಹೇಳಿದಂತೆಯೇ. ಮೂರನೇ ಸುತ್ತಿನಲ್ಲೂ ಸ್ವರ ಮುರಿಯಲಿಲ್ಲ. ಆದರೆ ಚಟ್ಟ ವಾಲಿತು. ಟ್ರಂಪೆಟ್ ಬಿದಿರಿಗೆ ಬಡಿದು ಠಣ್ಣೆಂದಿತು. ಹೊತ್ತವರ ಕಾಲುಗಳು ಹಾರಿದ್ದವು.

ನನ್ನದೂ ಹಾರಿತೇ? ಹೆಗಲು ಹೌದೆನ್ನುತ್ತದೆ, ನಾನು ಹೆಗಲನ್ನೂ ನಂಬುವುದಿಲ್ಲ. ತಂಗಿ ಹಿಂದಿನಿಂದ ವಿಡಿಯೊ ಮಾಡುತ್ತಾ ಬಂದಿದ್ದಳು. ಹಾಕಿ ನೋಡಿದೆ. ಆ ಜಾಗದಲ್ಲಿ ಯಾರ ಕಾಲೂ ಕಾಣುವುದಿಲ್ಲ. ಅವಳೂ ಹಾರಿದ್ದಾಳೆ, ಫೋನು ಮೇಲೆದ್ದು ಒಂದು ಕ್ಷಣ ಬರೀ ಬಿಳಿ ಆಕಾಶ.