ಧಾರೆಯ ಹೊತ್ತಿನ ಬಿಳುಪು

ಮಂಗಳಮ್ಮ, ನಿಮ್ಮ ಮದುವೆಯ ವಿಡಿಯೊದಲ್ಲಿ ನಿಮ್ಮ ತಂದೆಯ ಮುಖವನ್ನು ಅಳಿಸಿದವನು ನಾನು. ಲೈಟಲ್ಲ, ಕ್ಯಾಮೆರಾ ಅಲ್ಲ — ನಾನು. ಆಮೇಲೆ ಸುಳ್ಳು ಹೇಳಿ, ತೀರಿಹೋದ ಅವರ ತಲೆಗೇ ಆ ತಪ್ಪನ್ನು ಕಟ್ಟಿದವನೂ ನಾನೇ.

ಇಸವಿ ಎರಡು ಸಾವಿರದ ನಾಲ್ಕು. ತುಮಕೂರಿನ ನನ್ನ ಸ್ಟುಡಿಯೊಗೆ ಎಡಿಟಿಂಗ್ ಕಂಪ್ಯೂಟರ್ ಬಂದು ವರ್ಷವಾಗಿರಲಿಲ್ಲ. ಕಲಿತದ್ದು ಕಡಿಮೆ, ಜಂಬ ಹೆಚ್ಚು — ಮೂಗಿಗಿಂತ ಮೂಗುತಿ ಭಾರ. ಬಣ್ಣ ತಿದ್ದುವ ಕಡೆ ಒಂದು ಗೆರೆಯನ್ನು ಮೇಲಕ್ಕೆಳೆದರೆ ಕಪ್ಪು ಮುಖ ಬೆಳ್ಳಗಾಗುತ್ತಿತ್ತು. ಆ ಅಳತೆಗೆ ‘ಮದುವೆ ಹೆಣ್ಣು’ ಎಂದು ಹೆಸರಿಟ್ಟು ಉಳಿಸಿಕೊಂಡಿದ್ದೆ. ಯಾರ ಮದುವೆಯೇ ಬರಲಿ, ಹೆಣ್ಣು ಕಾಣುವ ಶಾಟುಗಳಿಗೆಲ್ಲ ಒಟ್ಟಿಗೇ ಅದನ್ನು ಹಾಕಿಬಿಡುವುದು. ಯಾರೂ ಕೇಳುತ್ತಿರಲಿಲ್ಲ, ಕೇಳದೆ ಮಾಡುವ ಉಪಕಾರ ಅಂತ ನಮ್ಮ ಲೆಕ್ಕ. ನಾನು ಮಾಡಿಕೊಟ್ಟ ವಿಡಿಯೊಗಳಲ್ಲಿ ಕಪ್ಪು ಮದುವಣಗಿತ್ತಿ ಒಬ್ಬಳೂ ಇರಲಿಲ್ಲ.

ನಿಮ್ಮದು ಎಣ್ಣೆಗಪ್ಪು. ನಿಮಗೆ ಆ ಅಳತೆಯೂ ಸಾಲದೆಂದು ಇನ್ನಷ್ಟು ಏರಿಸಿದೆ. ಧಾರೆಯ ಹೊತ್ತಿಗೆ ನಿಮ್ಮ ಪಕ್ಕದಲ್ಲಿ ನಿಮ್ಮ ತಂದೆ — ಬೆವರಿದ ಹಣೆ, ವಿಭೂತಿ, ಬಿಳಿ ಪೇಟ. ಮೂಲ ಟೇಪಿನಲ್ಲಿ ಇಬ್ಬರೂ ಚೆನ್ನಾಗಿಯೇ ಬಂದಿದ್ದಿರಿ. ನಾನು ಏರಿಸಿದ ಮೇಲೆ ನೀವು ಬೆಳ್ಳಗಾದಿರಿ; ಬೆವರಿಗೆ ಹೊಳೆಯುತ್ತಿದ್ದ ಅವರ ಮುಖ ಮಾತ್ರ ಒಗೆದ ಪಂಚೆಯ ಹಾಗೆ ಬರೀ ಬಿಳುಪಾಯಿತು. ಕಣ್ಣಿಲ್ಲ, ಮೂಗಿಲ್ಲ. ಅದನ್ನು ನೋಡಿದೆ — ನೋಡಿಯೂ ಬಿಟ್ಟೆ. ಹೆಣ್ಣಿನ ಅಪ್ಪನನ್ನು ಯಾರು ನೋಡುತ್ತಾರೆ ಎಂದುಕೊಂಡೆ.

ಎಂಟು ತಿಂಗಳ ಮೇಲೆ ನೀವು ಗುಬ್ಬಿಯಿಂದ ಬಂದಿರಿ. ತಂದೆ ತೀರಿಕೊಂಡಿದ್ದರು. ಮದುವೆಯ ದಿನವೆಲ್ಲ ಊಟದ ಮನೆ, ಉಗ್ರಾಣ ಎಂದು ಓಡಾಡಿದವರು. ಕ್ಯಾಮೆರಾಕ್ಕೆ ಸಿಕ್ಕಿದ್ದು ನಿಮ್ಮ ಪಕ್ಕ ನಿಂತಾಗ ಮಾತ್ರ.

“ನಾನು ಹೆಂಗಾದ್ರೂ ಕಾಣ್ಲಿ ಬುಡಿ ಅಣ್ಣಾ. ಅಪ್ಪನ ಮುಖ ಒಂದು ಕಂಡ್ರೆ ಸಾಕು.”

ಆ ಮೂಲ ಟೇಪು ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ಹಳೆಯ ಟೇಪಿನ ಮೇಲೆ ಹೊಸ ಮದುವೆ ತುಂಬುವುದು ನಮ್ಮ ರೂಢಿ. ನಿಮ್ಮದರ ಸರದಿ ಇನ್ನೂ ಬಂದಿರಲಿಲ್ಲ. ಸರಿಮಾಡಲು ಅರ್ಧ ದಿನ ಸಾಕಿತ್ತು. ಆದರೆ ತೆಗೆದು ತೋರಿಸಿದರೆ — ‘ನನ್ನ ಬಣ್ಣಕ್ಕೆ ಏನಾಗಿತ್ತು?’ ಎಂದು ನೀವು ಕೇಳಿಬಿಟ್ಟರೆ? ಆ ಒಂದು ಪ್ರಶ್ನೆಗೆ ಹೆದರಿದೆ.

“ನಿಮ್ಮಪ್ಪಾಜಿ ಲೈಟಿಗೆ ತೀರಾ ಹತ್ರ ನಿಂತ್ಬಿಟ್ಟವ್ರೆ ಕಣಮ್ಮ. ಏನೂ ಮಾಡಕ್ಕಾಗಲ್ಲ.”

ನೀವು ವಾದಿಸಲಿಲ್ಲ. ಅಪ್ಪನಿಗೆ ಕ್ಯಾಮೆರಾ ಮುಂದೆ ನಿಂತು ಅಭ್ಯಾಸವಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದು ಅವರ ಪರವಾಗಿ ನನ್ನನ್ನೇ ಕ್ಷಮೆ ಕೇಳಿ ಹೋದಿರಿ. ನನಗೆ ನಾಚಿಕೆಯಾಯಿತು. ಆದರೂ ಎದ್ದು ಕರೆಯಲಿಲ್ಲ.

ಮುಂದಿನ ವಾರ ಕುಣಿಗಲ್ಲಿನ ಮದುವೆಯೊಂದನ್ನು ಆ ಟೇಪಿನ ಮೇಲೇ ತುಂಬಿದೆ. ಮರೆತಲ್ಲ, ಬೇಕೆಂದೇ. ಅದು ಬೀರುವಿನಲ್ಲಿರುವ ತನಕ ನನಗೆ ನೆಮ್ಮದಿಯಿರಲಿಲ್ಲ.

ಐದು ವರ್ಷವಾಯಿತು. ಹೋದ ತಿಂಗಳು ಹಳೆಯ ಟೇಪುಗಳನ್ನು ಎಸೆಯುವ ಮೊದಲು ಒಂದೊಂದೇ ಹಾಕಿ ನೋಡುತ್ತಿದ್ದೆ. ಕುಣಿಗಲ್ಲಿನ ಮದುವೆ ಮುಗಿದರೂ ಟೇಪು ಇನ್ನೂ ಚೂರು ಉಳಿದಿತ್ತು. ಆ ತುದಿಯಲ್ಲಿ ನಿಮ್ಮ ಮದುವೆ — ಹೆಣ್ಣು ಒಪ್ಪಿಸುವ ಹೊತ್ತು, ಒಂಬತ್ತು ಸೆಕೆಂಡು. ನಿಮ್ಮ ತಂದೆ ಆ ಕಡೆ ತಿರುಗಿದ್ದಾರೆ. ಮುಖವಿಲ್ಲ. ನಿಮ್ಮ ಕಣ್ಣೀರು ಒರೆಸುವ ಕೈ ಕಾಣುತ್ತದೆ, ಅಷ್ಟೇ. ಆ ಕೈಗೂ ನಿಮ್ಮ ಕೆನ್ನೆಗೂ ಒಂದೇ ಬಣ್ಣ. ಅವರಿಂದ ನಿಮಗೆ ಬಂದದ್ದನ್ನೇ ನಾನು ತಪ್ಪೆಂದು ತಿದ್ದಿದ್ದೆ.

ಆ ಒಂಬತ್ತು ಸೆಕೆಂಡನ್ನು ಸಿ.ಡಿ.ಗೆ ಹಾಕಿಟ್ಟಿದ್ದೇನೆ. ಬಣ್ಣ ಮುಟ್ಟಿಲ್ಲ. ಸೋಮವಾರ ಗುಬ್ಬಿಗೆ ಬರುತ್ತೇನೆ. ನೀವು ಒಳಗೆ ಕರೆಯದಿದ್ದರೂ ಸರಿ, ಬಾಗಿಲಲ್ಲೇ ನಿಂತು ಹೇಳಬೇಕಾದ ಮಾತೊಂದಿದೆ — ನಿಮ್ಮಪ್ಪಾಜಿ ಸರಿಯಾಗಿಯೇ ನಿಂತಿದ್ದರು.