ಅಪ್ಪನಿಗೆ ನಾನು ನಟನೆ ಕಲಿಸಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಪ್ಪನಿಗೆ ಸಿಕ್ಕ ಒಂದೇ ಒಂದು ಸಿನಿಮಾ ಅವಕಾಶವನ್ನು ಮುಕ್ಕಾಲು ಪಾಲು ಕೆಡಿಸಿದವನು ನಾನೇ. ಉಳಿದ ಕಾಲು ಪಾಲು ತಪ್ಪು ಅಪ್ಪನದು, ನನ್ನ ಮಾತು ಕೇಳಿದ್ದು.

ಅಪ್ಪ ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವವರು. ನಾನು ಮಿಮಿಕ್ರಿ ಮಾಡುವವನು. ರಾಮನಗರದ ಬಸ್ ಕಂಡಕ್ಟರ್‌ನಿಂದ ಹಿಡಿದು ನಮ್ಮತ್ತೆಯ ಗೊರಕೆಯವರೆಗೆ ಯಾರನ್ನೂ ಬಿಟ್ಟಿಲ್ಲ. ನನ್ನ ಸ್ವಂತ ದನಿ ಯಾವುದೆಂದು ಮಾತ್ರ ಇನ್ನೂ ಪತ್ತೆಯಾಗಿಲ್ಲ.

ಸಿನಿಮಾ ನೋಡಿ ನೋಡಿ ನಾನೊಂದು ಸಂಗತಿ ಕಂಡುಕೊಂಡಿದ್ದೆ. ತೆರೆಯ ಮೇಲೆ ನಗಿಸುವವನು ನಮ್ಮ ಹಾಗೆ 'ಐತೆ', 'ಬುಡ್ಲಾ' ಎನ್ನುತ್ತಾನೆ. ಅಳುವ ಸೀನು ಬಂದ ಕೂಡಲೇ ಅದೇ ಊರಿನ ಅಪ್ಪ ಪಠ್ಯಪುಸ್ತಕ ನುಂಗಿದವನಂತೆ 'ಮಗೂ, ನಾನು ಸೋತುಹೋದೆ' ಎನ್ನುತ್ತಾನೆ. ಕಾಮಿಡಿಗೆ ಶಿಳ್ಳೆ ಹೊಡೆದು, ಡ್ರಾಮಾಕ್ಕೆ ಮೂಗು ಒರೆಸಿಕೊಂಡು ಬೆಳೆದ ನನಗೆ ಎರಡೂ ಇಷ್ಟವೇ. ಆದರೆ ನಮ್ಮ ಮಾತು ನಗುವುದಕ್ಕೆ, ಪುಸ್ತಕದ ಮಾತು ಅಳುವುದಕ್ಕೆ ಎಂಬ ಈ ಹಂಚಿಕೆ ತಲೆಯಲ್ಲಿ ಕೂತುಬಿಟ್ಟಿತ್ತು.

ಹಾಗಾಗಿ ಒಂದು ಸಿನಿಮಾ ತಂಡ ನಮ್ಮ ಶೆಡ್ಡಿಗೇ ಬಂದು, ಗೊಂಬೆ ಮಾಡುವವನ ಪಾತ್ರವನ್ನು ನೀವೇ ಮಾಡಿ ಎಂದು ಅಪ್ಪನನ್ನು ಕೇಳಿದಾಗ ನನಗೆ ಹೆದರಿಕೆಯಾಯಿತು. ಊರೆಲ್ಲ ಟಾಕೀಸಿನಲ್ಲಿ ಕೂತು ಅಪ್ಪನನ್ನು ನೋಡಿ ನಕ್ಕರೆ? ಇದ್ದದ್ದು ಒಂದೇ ಮಾತು. ಹೀರೋ 'ಬಣ್ಣ ಹೋಗಲ್ವಾ?' ಎಂದು ಕೇಳುತ್ತಾನೆ, ಅಪ್ಪ ಉತ್ತರಿಸಬೇಕು. ಆ ಉತ್ತರವನ್ನು ನಾನೇ ಕಟ್ಟಿ ಮೂರು ದಿನ ಪಾಠ ಮಾಡಿದೆ. ಕೈ ಎದೆಯ ಮೇಲೆ, ಕಣ್ಣು ಸೂರಿನ ಕಡೆ, 'ಇದು ಬೆವರಿನ ಬಣ್ಣ ಮಗೂ, ಮಾಸುವುದಿಲ್ಲ.'

ಶೂಟಿಂಗಿನ ದಿನ ಅಪ್ಪ ಪಾಠ ಒಪ್ಪಿಸಿದರು. ಕೈ ಎದೆಗೆ ಹೋದಾಗಲೆಲ್ಲ ಗೊಂಬೆಯ ಕೆಲಸ ನಿಂತಿತು. ನಾಲ್ಕು ಟೇಕಾದ ಮೇಲೆ ಡೈರೆಕ್ಟರು ಮೆಲ್ಲಗೆ, "ಯಜಮಾನ್ರೇ, ನೀವು ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದು ಬೆಂಗಳೂರಿನ ನಟರೊಬ್ಬರನ್ನು ಮರ ತಿರುಗಿಸುವ ಲೇತಿನ ಮುಂದೆ ಕೂರಿಸಿದರು. ಅಪ್ಪ ತಮ್ಮದೇ ಶೆಡ್ಡಿನ ಮೂಲೆಯಲ್ಲಿ ನೆಂಟರ ಹಾಗೆ ನಿಂತರು. ನಾನು ಅವರ ಮುಖ ನೋಡಲಿಲ್ಲ.

ಕ್ಯಾಮೆರಾ ಓಡಿತು, ಲೇತೂ ತಿರುಗಿತು. ಆ ನಟರು ಬಣ್ಣದ ಅರಗಿನ ಕಡ್ಡಿಯನ್ನು ಬ್ರಶ್ಶಿನಂತೆ ಎರಡು ಬೆರಳಲ್ಲಿ ಹಿಡಿದು, ತಿರುಗುತ್ತಿದ್ದ ಮರಕ್ಕೆ ನಾಜೂಕಾಗಿ ಸವರಿದರು. ಅಪ್ಪನಿಗೆ ತಡೆಯಲಾಗಲಿಲ್ಲ.

"ಅಯ್ಯೋ ಸ್ವಾಮಿ, ಕುಂಕುಮ ಇಡ್ತಾ ಇದೀರಾ? ಒತ್ರೀ! ಮರ ಬಿಸಿ ಆಗ್ಬೇಕು, ಅರಗು ಕರಗ್ಬೇಕು, ಆಗ್ಲೇ ಬಣ್ಣ ಕಚ್ಕಳಾದು. ಏಳಿ, ಒಸಿ ಏಳಿ ಅತ್ಲಾಗೆ!"

ಅವರನ್ನು ಎಬ್ಬಿಸಿ ತಾವೇ ಕೂತು, ಕಡ್ಡಿಯನ್ನು ಅಂಗೈಯಿಂದ ಒತ್ತಿದರು. ಕೆಂಪು ಬಣ್ಣ ಮರವನ್ನು ಸುತ್ತಿಕೊಂಡಿತು. ತಾಳೆಗರಿ ಒತ್ತಿ ಹೊಳಪು ತಂದರು. ಜಾಣ ಹೀರೋ ಅಲ್ಲೇ, "ಬಣ್ಣ ಹೋಗಲ್ವಾ?" ಎಂದು ಕೇಳಿಬಿಟ್ಟ.

ಅಪ್ಪ ತಲೆಯನ್ನೂ ಎತ್ತಲಿಲ್ಲ. "ಹೆಂಗೋಯ್ತದೆ? ನಿನ್ ಮಗ ಕಚ್ಲಿ, ಅವ್ನ್ ಮಗಾನೂ ಕಚ್ಲಿ. ಹಲ್ಲೋದ್ರೆ ನನ್ನ ಕೇಳ್ಬ್ಯಾಡ."

ಡೈರೆಕ್ಟರು ಕಟ್ ಹೇಳುವುದನ್ನೇ ಮರೆತಿದ್ದರು. ಬೈಗುಳ ಸಮೇತ ಎಲ್ಲವನ್ನೂ ಸಿನಿಮಾದಲ್ಲಿ ಉಳಿಸಿಕೊಂಡರು.

ಟಾಕೀಸಿನಲ್ಲಿ ಆ ಸೀನಿಗೆ ಜನ ನಕ್ಕರು, ಹೌದು. ಅದು ನಾನು ಹೆದರಿದ್ದ ನಗುವಲ್ಲ. ಮುಂದಿನ ಸಾಲಿನ ಗೊಂಬೆ ಕೆಲಸದವರು ಎದ್ದು ನಿಂತು ಶಿಳ್ಳೆ ಹಾಕಿದರು. ಪಕ್ಕದಲ್ಲಿದ್ದ ಅಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮ ಮಾತಿಗೆ ಎರಡೂ ಬರುತ್ತವೆಂದು ನನಗೆ ತಿಳಿದದ್ದು ಆಗ. "ನಮ್ಮಪ್ಪ, ನಮ್ಮಪ್ಪ" ಎಂದು ಗುರುತಿಲ್ಲದವರ ಭುಜವನ್ನೆಲ್ಲ ತಟ್ಟಿದೆ.

ಮರುದಿನ ಟೀ ಅಂಗಡಿಯಲ್ಲಿ ಚಮಚವನ್ನೇ ಅರಗಿನ ಕಡ್ಡಿ ಮಾಡಿಕೊಂಡು ಇಡೀ ಸೀನನ್ನು ಅಪ್ಪನ ದನಿಯಲ್ಲಿ ಆಡಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. "ನಾನೇ ಕಣ್ರೋ ಅವ್ರಿಗೆ ಟ್ರೇನಿಂಗ್ ಕೊಟ್ಟಿದ್ದು" ಎಂದೂ ಸೇರಿಸಿದೆ. ತಿರುಗಿ ನೋಡಿದರೆ ಅಪ್ಪ ಹಿಂದೆಯೇ ನಿಂತಿದ್ದಾರೆ. ನನ್ನ ಎರಡು ಬೆರಳುಗಳ ನಡುವಿನ ಚಮಚ ನೋಡಿದರು.

"ದನಿ ನಂದೇ ಐತೆ ಕಣ್ಲಾ. ಕೈ ಮಾತ್ರ ಆ ಬೆಂಗ್ಳೂರ್ ಆಕ್ಟರ್‌ದು."